ತಾಂಡೇಲನ ಮನೆಯ ಮೊದಲ ದೃಶ್ಯ

ಬೇಲೆಕೇರಿಯ ಗೆಳೆಯರೇ,

ನಿಮ್ಮ ನಾಟಕವನ್ನು ಎರಡು ಸಲ ಓದಿದೆ. ಎರಡನೇ ಸಲ ಮೊದಲ ಹನ್ನೊಂದು ಪುಟ ಬಿಟ್ಟು ಓದಿದೆ. ಹಾಗೆ ಓದಿದಾಗ ಗಂಟಲು ಕಟ್ಟಿತು. ಮೊದಲ ಸಲ ಹಾಗಾಗಿರಲಿಲ್ಲ. ಯಾಕೆ ಅಂತ ಯೋಚಿಸುತ್ತಾ ಕೂತವನಿಗೆ ಹೊಳೆದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಸುತ್ತಿ ಬಳಸಿ ಹೇಳುವುದು ನಿಮಗೆ ಮಾಡುವ ಅನ್ಯಾಯ. ಆದರೆ ತೊಂದರೆ ಇರುವುದು ಮೊದಲ ದೃಶ್ಯದಲ್ಲಿ ಮಾತ್ರ. ಮೂರನೇ ಅಂಕ ಬರೆದವರ ಕೈಗೆ ಅದನ್ನು ತಿದ್ದುವುದು ದೊಡ್ಡ ಮಾತಲ್ಲ.

ಈ ಪತ್ರವನ್ನು ಬೇರೆ ಬರಹಗಾರರೂ ಓದುತ್ತಾರೆ. ಅವರಿಗಾಗಿ ಕತೆ ಇಷ್ಟು: ಒಬ್ಬ ತಾಂಡೇಲ, ಅಂದರೆ ಮೀನುಗಾರಿಕೆ ಬೋಟು ನಡೆಸುವವನು. ಸಾಲದ ಬೋಟು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಅದಕ್ಕೆ ಮೊದಲು ಸಿಗುವ ನಾಲ್ಕು ದಿನ ದುಡಿದುಬಿಡೋಣ ಎಂದು ಅವನು ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗುತ್ತಾನೆ. ಗಾಳಿ ಏಳುತ್ತದೆ. ದಡಕ್ಕೆ ಬರುವುದು ಅವನೊಬ್ಬನೇ.

ನಿಮ್ಮ ಮೊದಲ ದೃಶ್ಯದಲ್ಲಿ ಪರದೆ ಏಳುವ ಮೊದಲೇ ಗುಡುಗುತ್ತದೆ. ಆಮೇಲೆ ಗೂಬೆ ಕೂಗುತ್ತದೆ. ದೇವರ ದೀಪ ಆರುತ್ತದೆ. ತಾಯಿಗೆ ಕೆಟ್ಟ ಕನಸು ಬಿದ್ದಿದೆ. ಕುಂಕುಮದ ಭರಣಿ ಕೈಜಾರುತ್ತದೆ. ಹುಚ್ಚನೊಬ್ಬ ಅಂಗಳಕ್ಕೆ ಬಂದು ಕಡಲು ಬಲಿ ಕೇಳುತ್ತಿದೆ ಎನ್ನುತ್ತಾನೆ. ಎಣಿಸಿ ನೋಡಿದೆ. ಹನ್ನೊಂದು ಪುಟದಲ್ಲಿ ಒಂಬತ್ತು ಅಪಶಕುನ ಇವೆ. ಒಂದನ್ನೂ ತಾಂಡೇಲ ಗಮನಿಸುವುದಿಲ್ಲ. ಯಾವುದರಿಂದಲೂ ಕತೆ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ.

ಇದೆಲ್ಲ ಯಾಕೆ ಅಂತ ನಿಮ್ಮ ಪತ್ರದಲ್ಲೇ ಇದೆ. 'ಶುರುವಿನಲ್ಲೇ ಪ್ರೇಕ್ಷಕರಿಗೆ ಹೆದರಿಕೆ ಹುಟ್ಟಬೇಕು, ಆದರೆ ಏನಾಗುತ್ತದೆ ಅಂತ ಗೊತ್ತಾಗಬಾರದು' ಎಂದು ಬರೆದಿದ್ದೀರಿ. ನೀವು ತಪ್ಪಿದ್ದು ಇಲ್ಲೇ ಎಂದು ನನಗನ್ನಿಸುತ್ತದೆ. ದುರಂತ ನಾಟಕದಲ್ಲಿ ಏನಾಗುತ್ತದೆ ಅಂತ ಗೊತ್ತಾಗಲಿ. ಹೆದರಿಕೆಯನ್ನು ನೀವು ಹುಟ್ಟಿಸಲು ಹೋಗಬೇಡಿ. ಗೊತ್ತಾದವರಿಗೆ ಅದು ತಾನಾಗೇ ಬರುತ್ತದೆ.

ನಾನು ಚಿಕ್ಕವನಿದ್ದಾಗ ಅಜ್ಜಿಯ ಜೊತೆ ಹೊನ್ನಾವರದ ಕಡೆ ಯಕ್ಷಗಾನದ ಆಟಕ್ಕೆ ಹೋಗುತ್ತಿದ್ದೆ. ಗದ್ದೆಯಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು. ಒಂದು ರಾತ್ರಿ 'ಅಭಿಮನ್ಯು ಕಾಳಗ'. ಆ ಹುಡುಗನಿಗೆ ಚಕ್ರವ್ಯೂಹದ ಒಳಗೆ ಹೋಗಲು ಬರುತ್ತದೆ, ಹೊರಗೆ ಬರಲು ಬರುವುದಿಲ್ಲ. ಗದ್ದೆಯಲ್ಲಿ ಕೂತ ಯಾರಿಗೆ ಇದು ಗೊತ್ತಿಲ್ಲ, ಹೇಳಿ? ಅಭಿಮನ್ಯು ಕುಣಿಯುತ್ತಾ ಬಂದ. ಎಳೆ ಹುಡುಗನ ವೇಷ, ಮೈಯೆಲ್ಲ ಹುರುಪು. ನಾನು ಚಪ್ಪಾಳೆ ಹೊಡೆದೆ. ಪಕ್ಕದಲ್ಲಿ ನೋಡಿದರೆ ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಯಾಕಜ್ಜಿ, ಇನ್ನೂ ಯುದ್ಧವೇ ಶುರುವಾಗಿಲ್ಲ ಅಂದೆ. 'ನೋಡು, ಮಾಣಿಗೆ ಎಷ್ಟು ಖುಷಿ' ಅಂದಳು. ಬೆಳಗಿನ ಜಾವ ಅಭಿಮನ್ಯು ಸಾಯುವ ಹೊತ್ತಿಗೆ ಅವಳ ಕಣ್ಣಲ್ಲಿ ನೀರಿರಲಿಲ್ಲ. ಸುಮ್ಮನೆ ನೋಡುತ್ತಾ ಕೂತಿದ್ದಳು.

ಅವಳು ಅತ್ತದ್ದು ಹುಡುಗನ ಖುಷಿಗೆ. ಸಾವು ಗೊತ್ತಿದ್ದರಿಂದಲೇ ಆ ಖುಷಿ ಅವಳಿಗೆ ತಡೆದುಕೊಳ್ಳಲು ಆಗಲಿಲ್ಲ. ಗೊತ್ತಿರದಿದ್ದರೆ ಅವಳೂ ನನ್ನ ಹಾಗೆ ಚಪ್ಪಾಳೆ ಹೊಡೆಯುತ್ತಿದ್ದಳು, ಅಷ್ಟೆ.

ಗ್ರೀಕರ ಪ್ರೇಕ್ಷಕರೂ ಹೀಗೇ ಕತೆ ಗೊತ್ತಿದ್ದೇ ಬಂದು ಕೂರುತ್ತಿದ್ದರು. ಸೋಫೋಕ್ಲಿಸ್‌ನ ಈಡಿಪಸ್ ನಾಟಕದ ಶುರು ನೋಡಿ. ಥೀಬ್ಸ್ ಊರಿಗೆ ರೋಗ ಬಡಿದಿದೆ. ಜನ ಅರಮನೆಯ ಮುಂದೆ ಬಂದು ಕೂತಿದ್ದಾರೆ. ರಾಜ ತಾನೇ ಹೊರಗೆ ಬಂದು, ಮಕ್ಕಳೇ, ಏನಾಗಿದೆ ಎಂದು ಕೇಳುತ್ತಾನೆ. ಎಷ್ಟು ಒಳ್ಳೆಯವನು! ಹಿಂದಿನ ರಾಜನನ್ನು ಕೊಂದವನು ಊರಲ್ಲೇ ಇದ್ದಾನೆ, ಅದಕ್ಕೇ ಈ ಕಷ್ಟ ಎಂದು ದೇವವಾಣಿ ಬರುತ್ತದೆ. ಅವನನ್ನು ಹುಡುಕಿಯೇ ತೀರುತ್ತೇನೆ ಎಂದು ರಾಜ ಮಾತು ಕೊಡುತ್ತಾನೆ. ಸ್ವಲ್ಪ ಹೊತ್ತಿಗೆ ಆ ಕೊಲೆಗಾರನಿಗೆ ಎಲ್ಲರೆದುರು ಶಾಪವನ್ನೂ ಹಾಕುತ್ತಾನೆ. ಕೊಲೆಗಾರ ಅವನೇ ಅಂತ ಕೇಳುವವರಿಗೆ ಗೊತ್ತು. ಅವನೊಬ್ಬನಿಗೆ ಗೊತ್ತಿಲ್ಲ. ಅಲ್ಲಿ ಗೂಬೆ ಬೇಕಾಗಲಿಲ್ಲ. ಜನರ ಮೇಲೆ ಪ್ರೀತಿ ಇರುವ ಒಬ್ಬ ರಾಜ, ಆ ಪ್ರೀತಿಯಿಂದಲೇ ಆಡಿದ ಒಂದು ಮಾತು. ಅವನು ಒಳ್ಳೆಯವನಾದಷ್ಟೂ ನಮಗೆ ಎದೆ ಡವಗುಟ್ಟುತ್ತದೆ.

ಕ್ರಿ.ಪೂ. 458ರಲ್ಲಿ ಆಡಿದ ಎಸ್ಕಿಲಸ್‌ನ ಅಗಮೆಮ್ನಾನ್ ನಾಟಕ ಒಬ್ಬ ಕಾವಲುಗಾರನಿಂದ ಶುರುವಾಗುತ್ತದೆ. ಟ್ರಾಯ್ ಗೆದ್ದ ಸುದ್ದಿ ಹೇಳುವ ಬೆಂಕಿ ದೂರದ ಗುಡ್ಡದಲ್ಲಿ ಕಾಣುತ್ತದೋ ಎಂದು ಒಂದು ವರ್ಷದಿಂದ ಅರಮನೆಯ ಮಾಡಿನ ಮೇಲೆ ಮಲಗಿ ಕಾಯುತ್ತಿದ್ದಾನೆ. ನಮ್ಮ ಕಡಲ ದಂಡೆಯ ಮನೆಗಳಲ್ಲಿ ಹೆಂಗಸರು ಬೋಟಿನ ದೀಪಕ್ಕೆ ಕಾಯುತ್ತಾರಲ್ಲ, ಹಾಗೆ. ಬೆಂಕಿ ಕಾಣುತ್ತದೆ. ಅವನು ಕುಣಿಯುತ್ತಾನೆ. ಆಮೇಲೆ ತಡೆದು, ಈ ಮನೆಗೆ ಬಾಯಿ ಇದ್ದಿದ್ದರೆ ಅದೇ ಎಲ್ಲ ಹೇಳುತ್ತಿತ್ತು ಎಂಬರ್ಥದ ಮಾತಾಡಿ ಸುಮ್ಮನಾಗುತ್ತಾನೆ. ಗೆದ್ದು ಬರುವ ರಾಜನನ್ನು ಹೆಂಡತಿಯೇ ಕೊಲ್ಲುತ್ತಾಳೆ ಅಂತ ಗೊತ್ತಿರುವವರಿಗೆ ಅಷ್ಟು ಸಾಕು.

ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ನಾಟಕ ಗುಡುಗಿನಿಂದಲೇ ಶುರುವಾಗುತ್ತದಲ್ಲ ಅಂತ ನೀವು ಕೇಳಬಹುದು. ಹೌದು, ಮಾಟಗಾತಿಯರೂ ಇದ್ದಾರೆ. ಆದರೆ ಆ ದೃಶ್ಯ ಇರುವುದು ಹನ್ನೆರಡು ಸಾಲಿನ ಆಸುಪಾಸು. ಹಾಗೆ ಬಂದು ಹೀಗೆ ಹೋಗುತ್ತಾರೆ. ಹೋಗುವಾಗ ಮ್ಯಾಕ್‌ಬೆತ್‌ನನ್ನು ಎಲ್ಲಿ ಕಾಣುತ್ತೇವೆ ಎಂದು ಹೇಳಿ ಹೋಗುತ್ತಾರೆ. ಅಂದರೆ ಅದರಿಂದ ಕತೆಗೆ ಕೆಲಸ ಆಗಿದೆ. ಯಕ್ಷಗಾನದಲ್ಲೂ ಚಂಡೆ ರಾತ್ರಿಯಿಡೀ ಬಡಿಯುವುದಿಲ್ಲ. ಮದ್ದಳೆಯ ಮೇಲೇ ಎಷ್ಟೋ ಹೊತ್ತು ಆಟ ನಡೆಯುತ್ತದೆ. ಅದಕ್ಕೇ ಚಂಡೆಯ ಪೆಟ್ಟು ಬಿದ್ದಾಗ ಮೈ ಜುಮ್ಮೆನ್ನುವುದು. ನೀವು ಪರದೆ ಏಳುವ ಮೊದಲೇ ಚಂಡೆ ಬಡಿದುಬಿಟ್ಟಿದ್ದೀರಿ. ಮೂರನೇ ಅಂಕದಲ್ಲಿ ನಿಜವಾದ ಗಾಳಿ ಬರುವಾಗ ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ನಾಟಕ ಬರೆಯುವವರು 'ತುಘಲಕ್' ಓದದೆ ಇರಬಾರದು. ಗಿರೀಶ ಕಾರ್ನಾಡರು ಹುಡುಗರಾಗಿದ್ದಾಗ ಶಿರಸಿಯಲ್ಲಿ ಬಯಲಾಟ, ಕಂಪನಿ ನಾಟಕ ನೋಡಿ ಬೆಳೆದವರು. 1964ರ ಈ ನಾಟಕದ ಮೊದಲ ದೃಶ್ಯ ನ್ಯಾಯಾಲಯದ ಹೊರಗೆ ನಡೆಯುತ್ತದೆ. ಒಬ್ಬ ಬಡ ಬ್ರಾಹ್ಮಣ ಸುಲ್ತಾನನ ಮೇಲೆಯೇ ದಾವೆ ಹಾಕಿ ಗೆದ್ದಿದ್ದಾನೆ. ಸುಲ್ತಾನ ತಲೆಬಾಗಿ ತೀರ್ಪು ಒಪ್ಪಿಕೊಳ್ಳುತ್ತಾನೆ. ರಾಜಧಾನಿಯನ್ನು ದೌಲತಾಬಾದಿಗೆ ಒಯ್ಯುವ ಕನಸನ್ನೂ ಹೇಳುತ್ತಾನೆ. ದೃಶ್ಯ ಮುಗಿಯುವ ಹೊತ್ತಿಗೆ ಆ ಬ್ರಾಹ್ಮಣ ನಿಜಕ್ಕೂ ವೇಷ ಹಾಕಿದ ಅಗಸ ಅಜೀಜ್ ಅಂತ ನಮಗೆ ತಿಳಿಯುತ್ತದೆ. ಸುಲ್ತಾನನಿಗೆ ತಿಳಿದಿಲ್ಲ. ಅವನ ಅತಿ ಒಳ್ಳೆಯ ಕೆಲಸಕ್ಕೇ ಹುಳ ಬಿದ್ದಿದೆ. ಇನ್ನು ಅವನು ಕಾಣುವ ಪ್ರತಿ ಕನಸಿನ ಜೊತೆಗೂ ನಮಗೆ ಆ ಹುಳ ಕಾಣುತ್ತದೆ.

ಈಗ ನಿಮ್ಮ 23ನೇ ಪುಟ ತೆಗೆಯಿರಿ. ಅಲ್ಲಿ ಮೂರೇ ಸಾಲು ಇದೆ. ತಾಂಡೇಲ ತನ್ನ ಬೋಟಿನ ವಯರ್‌ಲೆಸ್ ಸೆಟ್ಟನ್ನು ಹೆಂಡತಿಯ ತಮ್ಮನಿಗೆ ಕೊಟ್ಟಿದ್ದಾನೆ. 'ಅವನ ಸೆಟ್ಟು ಕೆಟ್ಟಿದೆ, ಹುಡುಗರೂ ಹೊಸಬರು. ನಂಗೆ ಈ ನೀರು ಗೊತ್ತು. ನಾಲ್ಕು ದಿನ ಇಟ್ಕೊಳ್ಲಿ ಬಿಡು.' ಇಷ್ಟೇ ಮಾತು, ಅದೂ ಎರಡನೇ ಅಂಕದ ನಡುವೆ, ಬೋಟು ಹೊರಟು ಹೋದ ಮೇಲೆ ನೆನಪಿನ ಹಾಗೆ ಬರುತ್ತದೆ. ಆ ರಾತ್ರಿ ಎಚ್ಚರಿಕೆ ಕೇಳಿದ ಬೋಟುಗಳೆಲ್ಲ ತಿರುಗಿ ಬಂದವು. ಇವನ ಬೋಟಿಗೆ ಕೇಳಲಿಲ್ಲ.

ಗೆಳೆಯರೇ, ನಿಮ್ಮ ನಾಟಕದ ಬಾಗಿಲು ಇದು. ಇದನ್ನು ಹೊತ್ತುಕೊಂಡು ಬಂದು ಮೊದಲ ದೃಶ್ಯದಲ್ಲಿ ಇಡಿ. ಸೆಟ್ಟು ಕೊಡುವುದನ್ನು ಹೇಳಿಸಬೇಡಿ, ತೋರಿಸಿ. ಅಂಗಳದಲ್ಲಿ ಬಲೆ ಹೆಣೆಯುತ್ತಾ, ಬಂಗಡೆ ಹುಳಿ ಉಣ್ಣುತ್ತಾ, ಸಾಲದ ಲೆಕ್ಕ ಹಾಕುತ್ತಾ ಕೊಡಲಿ. ಯಾರೂ ಅದನ್ನು ದೊಡ್ಡದು ಮಾಡಬಾರದು. ಕಿರಿಯ ಮಗ ಜೂನ್ ಒಂದಕ್ಕೆ ಇನ್ನೆಷ್ಟು ದಿನ ಅಂತ ಕೇಳಲಿ, ಅಣ್ಣ ನಾಲ್ಕು ಅನ್ನಲಿ. ಅಂಕೋಲೆಯವರಿಗೂ ಕಾರವಾರದವರಿಗೂ ಅದು ಸಾಕು. ಘಟ್ಟದ ಮೇಲಿನ ಪ್ರೇಕ್ಷಕರಿಗೆ ವಯರ್‌ಲೆಸ್ ಯಾಕೆ ಬೇಕು ಅಂತ ಇನ್ನೊಂದು ಮಾತು ಸೇರಿಸಿ. ಮೊದಲ ಐದು ನಿಮಿಷ ಜನ ಕುರ್ಚಿ ಹುಡುಕುತ್ತಾ ಇರುತ್ತಾರೆ, ಮೊಬೈಲ್ ಆಫ್ ಮಾಡುತ್ತಾ ಇರುತ್ತಾರೆ. ಹಾಗಾಗಿ ಸೆಟ್ಟು ಕೊಟ್ಟದ್ದು ದೃಶ್ಯದ ಕೊನೆಗೆ ಇನ್ನೊಮ್ಮೆ ಕಣ್ಣಿಗೆ ಬೀಳಬೇಕು. ಗೋಡೆಯ ಮೊಳೆಯಲ್ಲಿ ಖಾಲಿ ವಯರು ನೇತಾಡುತ್ತಿದ್ದರೂ ಆಯಿತು.

ಭಾಷೆಯ ಬಗ್ಗೆ ಒಂದೇ ಮಾತು. ನಿಮ್ಮ ತಾಂಡೇಲ ಮೊದಲ ದೃಶ್ಯದಲ್ಲಿ 'ಸಾಗರವು ಇಂದು ಕ್ರುದ್ಧವಾಗಿದೆ' ಎನ್ನುತ್ತಾನೆ. ಅದೇ ಮನುಷ್ಯ 23ನೇ ಪುಟದಲ್ಲಿ 'ನಂಗೆ ಈ ನೀರು ಗೊತ್ತು' ಎನ್ನುತ್ತಾನೆ. ಎರಡನ್ನೂ ಜೋರಾಗಿ ಓದಿ ನೋಡಿ.

ಹುಚ್ಚನನ್ನು ತೆಗೆದುಬಿಡಿ. ಕನಸನ್ನೂ. ದೀಪವನ್ನು ಬೇಕಾದರೆ ಇಟ್ಟುಕೊಳ್ಳಿ, ಆದರೆ ಉರಿಯುತ್ತಲೇ ಇರಲಿ.

ಪೂರ್ತಿ ನಾಟಕ ಮತ್ತೆ ಕಳಿಸಬೇಡಿ. ಹೊಸ ಮೊದಲ ದೃಶ್ಯ ಒಂದನ್ನೇ ಕಳಿಸಿ, ಆರು ಪುಟದೊಳಗೆ. ಬರೆಯುವ ಮೊದಲು ಒಂದು ವಿಷಯ ಯೋಚಿಸಿ. ನಿಮ್ಮ ಕೊನೆಯ ದೃಶ್ಯದಲ್ಲಿ ಹೆಂಡತಿಯ ತಮ್ಮ ಆ ಸೆಟ್ಟನ್ನು ಟವೆಲಿನಲ್ಲಿ ಸುತ್ತಿ ತಂದು, ಮಾತಾಡದೆ ಅಕ್ಕನ ಮನೆಯ ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಾನೆ. ಅದನ್ನು ಓದಿ ನಾನು ಎದ್ದು ಹೊರಗೆ ಹೋಗಿ ನಿಂತಿದ್ದೆ. ಆ ಟವೆಲು ಯಾರ ಮನೆಯದು ಎಂದು ನೀವು ಬರೆದಿಲ್ಲ. ಮೊದಲ ದೃಶ್ಯದಲ್ಲಿ, ಮಳೆಗೆ ನೆನೆಯದಿರಲಿ ಅಂತ ಅಕ್ಕನೇ ಅದನ್ನು ಸುತ್ತಿ ಕೊಟ್ಟಿದ್ದಳೇ?