ಪ್ರತಿಕ್ರಿಯೆ: ಚಿಕ್ಕಬಳ್ಳಾಪುರ ಅಗ್ನಿಶಾಮಕ ಠಾಣೆಯ ಹಳೇ ದಾಖಲೆ ಎಲ್ಲಿ ಸಿಗುತ್ತೆ?

ನೀವು 'ಚಿಕ್ಕಬಳ್ಳಾಪುರ ಜಿಲ್ಲೆ' ಅಂತ ಹುಡುಕುತ್ತಿರುವುದೇ ತೊಂದರೆ ಇರಬೇಕು. ಈ ಜಿಲ್ಲೆ ಆಗಿದ್ದು 2007ರಲ್ಲಿ. ಅದಕ್ಕೂ ಹಿಂದಿನ ಕಾಗದವೆಲ್ಲ ಕೋಲಾರ ಜಿಲ್ಲೆಯ ಹೆಸರಿನಲ್ಲಿದೆ. 1973ಕ್ಕೆ ಮುಂಚಿನದಾದರೆ 'ಮೈಸೂರು ರಾಜ್ಯ' ಅಂತ ನೋಡಿ. ಅಗ್ನಿಶಾಮಕ ದಳದ ಕಾನೂನು ಬಂದಿದ್ದೇ 1964ರಲ್ಲಿ, ಮೈಸೂರಿನ ಹೆಸರಿನಲ್ಲಿ.

ಮೊದಲು ಹಳೇ ಕೋಲಾರ ಜಿಲ್ಲಾ ಗೆಝೆಟಿಯರ್ (ಜಿಲ್ಲೆಯ ಬಗ್ಗೆ ಸರ್ಕಾರವೇ ಹೊರತಂದ ಮಾಹಿತಿ ಪುಸ್ತಕ) ತೆಗೆದು ಪೊಲೀಸ್, ಪುರಸಭೆ ಅಧ್ಯಾಯಗಳನ್ನು ಓದಿ. ಸಿಕ್ಕರೆ ಒಂದೆರಡು ಸಾಲು ಸಿಗಬಹುದು, ಅಷ್ಟೇ.

ನಿಜವಾದ ಕೆಲಸ ಆಗುವುದು ಮಾಹಿತಿ ಹಕ್ಕು ಅರ್ಜಿಯಿಂದ. ಜಿಲ್ಲಾ ಅಗ್ನಿಶಾಮಕ ಅಧಿಕಾರಿ ಕಚೇರಿಗೆ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. 'ಠಾಣೆಯ ಇತಿಹಾಸ ಕೊಡಿ' ಅಂತ ಸುಮ್ನೆ ಬರೆಯಬೇಡಿ, ಕೈಗೆ ಏನೂ ಬರಲ್ಲ. ಠಾಣೆ ಮಂಜೂರಾದ ಸರ್ಕಾರಿ ಆದೇಶದ ಪ್ರತಿ ಕೇಳಿ. ಬೆಂಕಿ ಕರೆಗಳ ರಿಜಿಸ್ಟರ್‌ಗೆ ಬೇರೆ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಲೇಬೇಕು. ಕಡತ ಬೇರೆ ಕಚೇರಿಯಲ್ಲಿದ್ದರೆ ಅರ್ಜಿಯನ್ನು ಅವರೇ ಅಲ್ಲಿಗೆ ಕಳಿಸಬೇಕು. ಹಳೇ ರಿಜಿಸ್ಟರ್ ನಾಶ ಮಾಡಿರಲೂಬಹುದು, ಖಾತ್ರಿ ಹೇಳಲಾರೆ. ಆದೇಶದ ಪ್ರತಿ ಉಳಿದಿರುವ ಸಾಧ್ಯತೆ ಜಾಸ್ತಿ.

ಅಲ್ಲೂ ಸಿಗದಿದ್ದರೆ ಬೆಂಗಳೂರಿನ ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ.

ನಿವೃತ್ತ ಸಿಬ್ಬಂದಿಯನ್ನು ಮಾತ್ರ ದಯವಿಟ್ಟು ಬಿಡಬೇಡಿ. ಯಾವ ಗಾಡಿ ಇತ್ತು, ನೀರು ಎಲ್ಲಿಂದ ತುಂಬಿಸುತ್ತಿದ್ದರು ಅನ್ನೋದು ಅವರ ನೆನಪಿನಲ್ಲೇ ಇರುತ್ತೆ. ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ. ಆ ವಾರ ಠಾಣೆಗೆ ಹೋಗಿ ಅವರ ಬಗ್ಗೆ ವಿಚಾರಿಸಿ.