ಎರಡು ಪಾಸ್‌ಪೋರ್ಟ್ ಇರುವ 20ರ ಫುಟ್‌ಬಾಲ್ ಡಿಫೆಂಡರ್ ಯಾವ ದೇಶಕ್ಕೆ ಆಡಬೇಕು?

ದೊಡ್ಡ ತಂಡವೋ ಚಿಕ್ಕ ತಂಡವೋ ಅಂತ ಕೇಳಿದ್ದೀರಿ. ನಾನೂ ಒಂದು ಕಾಲದಲ್ಲಿ ಇದನ್ನೇ ಕೇಳಿಕೊಂಡು ಕೂತಿದ್ದೆ. ಕೇಳಬೇಕಾಗಿದ್ದು ಬೇರೆಯೇ ಇತ್ತು.

ನಾನು ಎಡಗಾಲಿನ ಸೆಂಟರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್. ಹುಟ್ಟಿ ಬೆಳೆದದ್ದು ಅಮ್ಮನ ದೇಶದಲ್ಲಿ, ಅಪ್ಪನ ಕಡೆಯಿಂದ ಇನ್ನೊಂದು ಪಾಸ್‌ಪೋರ್ಟ್. 2013ರಲ್ಲಿ ಅಮ್ಮನ ದೇಶದ ತಂಡದಲ್ಲಿ ಇಬ್ಬರು ಡಿಫೆಂಡರ್‌ಗಳಿಗೆ ಒಟ್ಟಿಗೆ ಗಾಯವಾಗಿ ನನಗೆ ಕರೆ ಬಂತು. ವಿಶ್ವಕಪ್ ಅರ್ಹತಾ ಪಂದ್ಯ. 3-0 ಮುಂದಿದ್ದೆವು. 87ನೇ ನಿಮಿಷಕ್ಕೆ ಕೋಚ್ ನನ್ನ ಕಡೆ ತಿರುಗಿದರು. ಗೆರೆ ಪಕ್ಕ ಶಿನ್‌ಗಾರ್ಡ್ ಸಿಕ್ಕಿಸಿಕೊಳ್ಳುವಾಗ ಕೈ ನಡುಗುತ್ತಿತ್ತು, ಒಂದನ್ನು ತಲೆಕೆಳಗಾಗಿ ಹಾಕಿಕೊಂಡಿದ್ದೆ. ಒಂದು ಕಾರ್ನರ್ ಬಂತು, ಹಣೆಯಿಂದ ಹೊರಕ್ಕೆ ಹೊಡೆದೆ. ಸೀಟಿ ಊದಿತು. ದೇಶಕ್ಕಾಗಿ ನಾನು ಆಡಿದ್ದು ಅಷ್ಟೇ.

ಗಾಯಗೊಂಡವರು ವಾಪಸ್ ಬಂದರು, ನನ್ನನ್ನು ಮತ್ತೆ ಯಾರೂ ಕರೆಯಲಿಲ್ಲ. ಎರಡು ವರ್ಷದ ಮೇಲೆ ಅಪ್ಪನ ದೇಶದ ಕೋಚ್ ಫೋನ್ ಮಾಡಿ, ಎಡಗಡೆಗೆ ಆಳಿಲ್ಲ, ಬರ್ತೀಯಾ ಅಂದರು. ಹೂಂ ಅಂದೆ. ಅಪ್ಪ ನೆಂಟರಿಗೆಲ್ಲ ಸುದ್ದಿ ಹಂಚಿಬಿಟ್ಟರು. ವಾರದೊಳಗೆ ಗೊತ್ತಾಯಿತು, ನನಗೆ ಅವಕಾಶವೇ ಇಲ್ಲ ಅಂತ.

ತಪ್ಪು ಏನು ಅಂತ ಬಿಡಿಸಿ ಹೇಳುತ್ತೇನೆ. ಅಮ್ಮನ ದೇಶಕ್ಕೆ ಆಡಿದ್ದು ತಪ್ಪಲ್ಲ. ಅದು ಯಾವ ಥರದ ಪಂದ್ಯ ಅಂತ ನಾನು ಕೇಳದೇ ಇದ್ದದ್ದು ತಪ್ಪು. ಅದೇ ಜೆರ್ಸಿ, ಅದೇ ನಿಮಿಷ, ಅದೇ ಹೆಡ್ಡರ್, ಆದರೆ ಸೌಹಾರ್ದ ಪಂದ್ಯ ಆಗಿದ್ದರೆ ನಾನು ಎಲ್ಲಿಗೂ ಕಟ್ಟುಬೀಳುತ್ತಿರಲಿಲ್ಲ. ಬೆಂಚ್ ಮೇಲೆ 90 ನಿಮಿಷ ಕೂತಿದ್ದರೂ ತೊಂದರೆ ಇರಲಿಲ್ಲ. ಆಗಿನ ನಿಯಮದಲ್ಲಿ ಅರ್ಹತಾ ಪಂದ್ಯದಂಥ ಅಧಿಕೃತ ಪಂದ್ಯದಲ್ಲಿ ಕಾಲಿಟ್ಟರೆ ಮಾತ್ರ ಮುಗಿಯಿತು, ಇನ್ನೊಂದು ದೇಶಕ್ಕೆ ಆಡುವಂತಿರಲಿಲ್ಲ. ಪೂರ್ತಿ ಆಡಿದ್ದೀರೋ ಮೂರು ನಿಮಿಷವೋ ಅಂತ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ನೋಡುವುದಿಲ್ಲ.

ಸ್ಪೇನ್, ಮೊರಾಕ್ಕೊ ಎರಡಕ್ಕೂ ಸೇರಿದ ಮುನೀರ್ ಎಲ್ ಹದ್ದಾದಿ ಮುಂದೆ ಆಡಿ ಗೋಲು ಹೊಡೆಯುವ ಫಾರ್ವರ್ಡ್, ಆದರೆ ಕಥೆ ನನ್ನದೇ. 2014ರಲ್ಲಿ ಸ್ಪೇನ್ ಪರ ಅರ್ಹತಾ ಪಂದ್ಯದಲ್ಲಿ 13 ನಿಮಿಷ ಆಡಿದ್ದಕ್ಕೆ ಮೊರಾಕ್ಕೊ ಪರ 2018ರ ವಿಶ್ವಕಪ್ ಆಡಲಾಗಲಿಲ್ಲ. 2020ರಲ್ಲಿ ಫಿಫಾ ನಿಯಮ ಸಡಿಲಿಸಿತು. ಸೀನಿಯರ್ ತಂಡಕ್ಕೆ ಮೂರಕ್ಕಿಂತ ಜಾಸ್ತಿ ಪಂದ್ಯ ಆಡಿರಬಾರದು, ಕೊನೆಯದನ್ನು ಆಡಿದಾಗ 21 ತುಂಬಿರಬಾರದು, ಅದಾಗಿ ಮೂರು ವರ್ಷ ಕಳೆದಿರಬೇಕು, ವಿಶ್ವಕಪ್ಪಿನಂಥ ಅಂತಿಮ ಟೂರ್ನಿಯಲ್ಲಿ ಆಡಿರಬಾರದು. ಆತ ಸ್ಪೇನ್ ಪರ ಆಡಿದ್ದು 19ರಲ್ಲಿ, ಹಾಗಾಗಿ 2021ರಲ್ಲಿ ಮೊರಾಕ್ಕೊ ಜೆರ್ಸಿ ಹಾಕಿದ. ಆ ಸುದ್ದಿ ನಾನು ಬಸ್ಸಿನಲ್ಲಿ ಫೋನಿನಲ್ಲಿ ಓದಿ ಬೆರಳಲ್ಲಿ ಲೆಕ್ಕ ಹಾಕಿದೆ. ನಾನು ಆಡಿದ ದಿನ ನನಗೆ 21 ವರ್ಷ, ಮೇಲೆ ಏಳು ವಾರ.

ಏಳು ವಾರ ರೀ!

ಈಗ ನಿಮ್ಮ ವಿಷಯ. ದೊಡ್ಡದೋ ಚಿಕ್ಕದೋ ಅನ್ನುವ ಪ್ರಶ್ನೆಯನ್ನೇ ಪಕ್ಕಕ್ಕಿಡಿ. 20ರ ಡಿಫೆಂಡರ್‌ಗೆ ಬೇಕಾದ್ದು ಪ್ರತಿ ವಾರ ಆಡಿಸುವ ಕ್ಲಬ್. ಫಾರ್ವರ್ಡ್‌ನನ್ನು ಕೊನೆಗೆ ಹತ್ತು ನಿಮಿಷ ಇಳಿಸಿ ನೋಡುತ್ತಾರೆ. ಸೆಂಟರ್ ಬ್ಯಾಕ್ ಜೋಡಿಯನ್ನು ಯಾವ ಕೋಚೂ ಸುಮ್ನೆ ಮುಟ್ಟುವುದಿಲ್ಲ. ಎರಡನೇ ಪಾಸ್‌ಪೋರ್ಟ್ ಕೂಡ ಮೊದಲು ಕೆಲಸಕ್ಕೆ ಬರುವುದು ಕ್ಲಬ್ಬಿನಲ್ಲೇ. ಸ್ಪೇನಿನ ಲೀಗಿನಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ತಂಡಕ್ಕೆ ಕೆಲವೇ ಜಾಗ. ನಿಮ್ಮ ಒಂದು ಪಾಸ್‌ಪೋರ್ಟ್ ಒಕ್ಕೂಟದ ದೇಶದ್ದಾದರೆ ಆ ಜಾಗ ನಿಮಗೆ ಬೇಕೇ ಇಲ್ಲ, ಅಲ್ವಾ?

ಸೆಂಟರ್ ಬ್ಯಾಕ್ ಅಯ್ಮೆರಿಕ್ ಲಪೋರ್ಟ್ ಫ್ರಾನ್ಸ್‌ನ ಕಿರಿಯರ ತಂಡಗಳಲ್ಲಿ ಬೆಳೆದವನು. ಹಿರಿಯರ ತಂಡಕ್ಕೆ ಕರೆ ಬಂದರೂ ಆಡಿಸಲಿಲ್ಲ. 2021ರಲ್ಲಿ ಸ್ಪೇನ್‌ಗೆ ಹೋದ, 2024ರ ಯುರೋ ಕಪ್ ಗೆದ್ದ. ಆಗ ಫ್ರಾನ್ಸ್ ಆಡಿಸದೇ ಇದ್ದದ್ದೇ ಅವನಿಗೆ ಒಳ್ಳೆಯದಾಯಿತು.

ಕರೆದವರು ಯಾವ ಪಂದ್ಯಕ್ಕೆ ಕರೆದಿದ್ದಾರೆ, ನಿಮಗೆ 21 ತುಂಬುವುದು ಯಾವತ್ತು? ಅಷ್ಟು ಬರೆಯಿರಿ, ಮುಂದಿನದನ್ನು ಆಮೇಲೆ ಹೇಳುತ್ತೇನೆ.