ಅಡಿಕೆ ಎಲೆಚುಕ್ಕಿಯ ಪಿಡಿಎಫ್ ಹುಡುಕುವುದು ಹೇಗೆ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ಅಡಿಕೆ ತೋಟವಿದೆ. ಎಲೆಚುಕ್ಕಿ ರೋಗದ ಬಗ್ಗೆ ಸರ್ಕಾರಿ ಸಂಸ್ಥೆಗಳ ಪಿಡಿಎಫ್ ಬೇಕು. ಗೂಗಲ್‌ನಲ್ಲಿ ‘ಅಡಿಕೆ*’ ಎಂದು ನಕ್ಷತ್ರ ಹಾಕಿದರೂ ಔಷಧ ಮಾರುವವರ ಪುಟಗಳೇ ಬರುತ್ತವೆ. ಏನು ಮಾಡಲಿ?

ಉತ್ತರ: ಮೊದಲು ಹುಡುಕುವ ಜಾಗವನ್ನು ಕಿರಿದು ಮಾಡಿ. ‘ಸೈಟ್:ಜಿಒವಿ.ಇನ್ ಫೈಲ್‌ಟೈಪ್:ಪಿಡಿಎಫ್’ (site:gov.in filetype:pdf) ಎಂದು ಹಾಕಿ, ಪಕ್ಕದಲ್ಲಿ ನಿಮ್ಮ ಪದ ಬರೆಯಿರಿ. ಸರ್ಕಾರಿ ತಾಣಗಳ ಪಿಡಿಎಫ್ ಮಾತ್ರ ಬರುತ್ತವೆ. ಈ ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು, ಕೋಲನ್ ಆದ ಮೇಲೆ ಜಾಗ ಬಿಡಬಾರದು. ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದ ತಾಣ ‘ಇಡಿಯು.ಇನ್’ (edu.in) ಅಡಿಯಲ್ಲಿದೆ. ಅದನ್ನೂ ಬೇರೆಯಾಗಿ ಹುಡುಕಿ.

ಇನ್ನು ನಕ್ಷತ್ರ. ಕೆಲವು ಲೈಬ್ರರಿ ಕ್ಯಾಟಲಾಗ್‌ಗಳಲ್ಲಿ ‘ಅಡಿಕೆ*’ ಎಂದರೆ ಅಡಿಕೆಯ, ಅಡಿಕೆಗೆ ಎಲ್ಲ ಸಿಗುತ್ತವೆ. ಗೂಗಲ್‌ನಲ್ಲಿ ಹಾಗಲ್ಲ. ಅಲ್ಲಿ ನಕ್ಷತ್ರ ಇಡೀ ಪದದ ಬದಲಿಗೆ ನಿಲ್ಲುತ್ತದೆ, ಪದದ ಬಾಲಕ್ಕಲ್ಲ. "ಅಡಿಕೆ * ರೋಗ" ಎಂದು ಉದ್ಧರಣ ಚಿಹ್ನೆಯೊಳಗೆ ಬಿಡಿಯಾಗಿ ಹಾಕಿದರೆ ಎಲೆಚುಕ್ಕಿ ರೋಗವೂ ಬರಬಹುದು, ಕೊಳೆ ರೋಗವೂ ಬರಬಹುದು. ಆದರೆ ‘ಅಡಿಕೆಯ ಎಲೆಚುಕ್ಕಿ ರೋಗ’ ಅಂತ ಬರೆದ ಕಡತ ತಪ್ಪಿಹೋಗಬಹುದು. ಕನ್ನಡದಲ್ಲಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತದೆ ಅಲ್ವಾ? ಜೊತೆಗೆ ಒಬ್ಬರು ಎಲೆಚುಕ್ಕಿ ಅಂತಾರೆ, ಇನ್ನೊಬ್ಬರು ಎಲೆಚುಕ್ಕೆ, ಮತ್ತೊಬ್ಬರು ಬಿಡಿಸಿ ಎಲೆ ಚುಕ್ಕೆ. ಹಾಗಾಗಿ ಎಲ್ಲ ರೂಪಗಳನ್ನೂ ಬರೆದು, ನಡುವೆ ಇಂಗ್ಲಿಷ್ ದೊಡ್ಡಕ್ಷರದಲ್ಲಿ ‘ಓಆರ್’ (OR) ಇಡಿ. ಕನ್ನಡಕ್ಕೆ ನಕ್ಷತ್ರಕ್ಕಿಂತ ಇದೇ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಬೇಡದ ಪದಕ್ಕೆ ಮೊದಲು ಮೈನಸ್ (-) ಹಾಕಿದರೆ ಅದಿರುವ ಪುಟಗಳು ಹೋಗುತ್ತವೆ.

ಇಷ್ಟಾದರೂ ಸಿಗದಿದ್ದರೆ ಫಾಂಟ್ ಮೇಲೆ ಅನುಮಾನಪಡಿ. ಹಳೆಯ ಕರಪತ್ರಗಳು ಎಷ್ಟೋ ಯೂನಿಕೋಡ್ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ) ಅಲ್ಲದ ನುಡಿ, ಬರಹ ಫಾಂಟ್‌ಗಳಲ್ಲಿವೆ. ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ರೈತರಿಗೆಂದೇ ಬರೆದ ಒಳ್ಳೆಯ ಮಾಹಿತಿ ಹೀಗೆ ರೈತರ ಕೈಗೇ ಸಿಗದೆ ಹೋಗುವುದು ಬೇಸರದ ಸಂಗತಿ. ಆಗ ಇಂಗ್ಲಿಷ್ ಪದಗಳಿಂದ ಹುಡುಕಿ: ‘ಅರೆಕಾನಟ್’, ‘ಲೀಫ್ ಸ್ಪಾಟ್’, ಇಲ್ಲವೇ ಈ ರೋಗ ತರುವ ಶಿಲೀಂಧ್ರ ‘ಕೊಲೆಟೊಟ್ರೈಕಮ್’ (Colletotrichum). ಕಡತದ ವಿಳಾಸದಲ್ಲಿ ಇಂಗ್ಲಿಷ್ ಹೆಸರಿದ್ದರೆ ‘ಇನ್‌ಯುಆರ್‌ಎಲ್:ಅರೆಕಾ’ (inurl:areca) ಕೂಡ ಹಿಡಿದುಕೊಡುತ್ತದೆ.

ಹೊಸವು ಬೇಕಿದ್ದರೆ ‘ಆಫ್ಟರ್:2022’ (after:2022) ಸೇರಿಸಿ. ಅದು ಗೂಗಲ್ ಅಂದಾಜಿಸಿದ ದಿನಾಂಕ, ಸುಮ್ನೆ ನಂಬಬೇಡಿ. ಸಿಂಪಡಣೆಗೆ ಮೊದಲು ಕಡತದೊಳಗೆ ಮುದ್ರಿಸಿದ ವರ್ಷ ನೋಡಿ, ಔಷಧದ ಪ್ರಮಾಣವನ್ನು ನಿಮ್ಮ ತೋಟಗಾರಿಕೆ ಕಚೇರಿಯಲ್ಲಿ ಕೇಳಿಕೊಳ್ಳಿ.